ಅಂಗೈ ಮೇಲಿನ ಆಮೆ



ವಿದೇಶಿ ಸಾಕುಪ್ರಾಣಿಗಳು ಮತ್ತು ಅವುಗಳ ಪಾಲನೆ ಎಂಬುದು ಇಂದಿನ ಮಾತಿನ ವಿಷಯ. ವಿಷಯ ದೊಡ್ಡದು. ಬಣ್ಣಬಣ್ಣದ ಗಿಳಿಗಳು, ಇಗುವಾನ, ಹ್ಯಾಮ್‌ಸ್ಟರ್, ಆಫ್ರಿಕದ ಹೆಬ್ಬಾವು, ಎಲ್ಲವೂ ಇದರೊಳಗೇ ಬರುತ್ತವೆ. ಎಲ್ಲದರ ಬಗೆಗೂ ಹೇಳಹೊರಟರೆ ಯಾವುದರ ಬಗೆಗೂ ಹೇಳಿದಂತಾಗುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಬಹುಮಂದಿ ಕಂಡಿರುವ, ಕೆಲವರ ಮನೆಯಲ್ಲಿಯೇ ಇರಬಹುದಾದ ಒಂದೇ ಒಂದು ಪ್ರಾಣಿಯನ್ನು ತೆಗೆದುಕೊಳ್ಳುತ್ತೇನೆ. ಅದು ಕೆಂಪು ಕಿವಿಯ ಆಮೆ.

ನಾನು ಪಶುವೈದ್ಯ. ಸುಮಾರು ಹತ್ತು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಐದನೆಯ ತರಗತಿಯ ಹುಡುಗನೊಬ್ಬ ತನ್ನ ಅಜ್ಜಿಯ ಜೊತೆ ಬೆಂಗಳೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದ. ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಮುಚ್ಚಳ ತೆಗೆದರೆ ಎರಡು ಬೆರಳು ನೀರು, ಅದರಲ್ಲಿ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಹಸಿರು ಆಮೆಮರಿ. ಎರಡು ಕಣ್ಣೂ ಊದಿ ಮುಚ್ಚಿಹೋಗಿದ್ದವು.

"ಹತ್ತು ದಿನದಿಂದ ಏನೂ ತಿಂದಿಲ್ಲ ಅಂಕಲ್. ನಿದ್ದೆ ಮಾಡ್ತಾನೇ ಇದೆ" ಎಂದ ಹುಡುಗ.

ಅಜ್ಜಿ, "ಮನೇಲಿ ಆಮೆ ಇದ್ರೆ ಲಕ್ಷ್ಮಿ ಬರ್ತಾಳೆ ಅಂತ ಅಂಗಡಿಯವನು ಹೇಳಿದ ಡಾಕ್ಟ್ರೇ. ಇಷ್ಟೇ ಇರುತ್ತೆ, ದೊಡ್ಡದಾಗಲ್ಲ ಅಂತಲೂ ಹೇಳಿದ" ಎಂದರು.

ಮರಿಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಚಿಪ್ಪನ್ನು ಮೆಲ್ಲಗೆ ಒತ್ತಿದೆ. ನೆನೆದ ರಟ್ಟಿನಂತೆ ಬಾಗಿತು. ಆ ಮರಿ ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ತೆರೆಯಲಾರದೆ, ಆಹಾರ ಕಾಣದೆ, ಚಳಿಗೆ ಅಲುಗಾಡಲಾರದೆ ಬಿದ್ದಿತ್ತು. ಆ ಹುಡುಗ ಅದನ್ನು ಎಷ್ಟು ಪ್ರೀತಿಸುತ್ತಿದ್ದನೆಂದರೆ, ರಾತ್ರಿ ಡಬ್ಬಿಯನ್ನು ತಲೆದಿಂಬಿನ ಪಕ್ಕದಲ್ಲಿಯೇ ಇಟ್ಟುಕೊಂಡು ಮಲಗುತ್ತಿದ್ದನಂತೆ. ಪ್ರೀತಿಗೆ ಕೊರತೆ ಇರಲಿಲ್ಲ. ಆ ಪ್ರಾಣಿ ಯಾವುದು, ಎಲ್ಲಿಯದು, ಹೇಗೆ ಬದುಕುತ್ತದೆ ಎಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

ಈ ಆಮೆಯ ಮೂಲ ನೆಲೆ ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸಿಸಿಪಿ ನದಿಯ ಬಯಲು. ನಿಧಾನವಾಗಿ ಹರಿಯುವ ನೀರು, ಕೆಸರು ತಳ, ಜಲಸಸ್ಯ, ನೀರಿನಲ್ಲಿ ಬಿದ್ದ ಮರದ ದಿಮ್ಮಿ, ಮೇಲೆ ಧಾರಾಳ ಬಿಸಿಲು. ದಿಮ್ಮಿಯ ಮೇಲೆ ಸಾಲಾಗಿ ಕುಳಿತು ಬಿಸಿಲು ಕಾಯಿಸಿಕೊಳ್ಳುವ ಈ ಆಮೆಗಳು ಸಣ್ಣ ಸದ್ದಾದರೂ ಜಾರಿ ನೀರಿಗಿಳಿಯುತ್ತವೆ. ಹಾಗಾಗಿಯೇ ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಲೈಡರ್', ಜಾರುವ ಆಮೆ, ಎಂದು ಹೆಸರು. ಕಣ್ಣಿನ ಹಿಂದಿರುವ ಕೆಂಪು ಪಟ್ಟಿಯಿಂದ 'ರೆಡ್ ಈಯರ್ಡ್ ಸ್ಲೈಡರ್' ಆಯಿತು.

ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಇವುಗಳನ್ನು ಕೊಳಗಳಲ್ಲಿ ಸಾಕಿ, ಮೊಟ್ಟೆಗಳನ್ನು ಆಯ್ದು, ಮರಿ ಮಾಡಿಸಿ ಮಾರುವ ದೊಡ್ಡ ಉದ್ಯಮವೇ ಬೆಳೆಯಿತು. 1989ರಿಂದ 1997ರವರೆಗೆ, ಅಂದರೆ ಕೇವಲ ಎಂಟೊಂಬತ್ತು ವರ್ಷಗಳಲ್ಲಿ, 5 ಕೋಟಿಗೂ ಹೆಚ್ಚು ಮರಿಗಳು ಅಮೆರಿಕದಿಂದ ಹೊರದೇಶಗಳಿಗೆ ಹೋದವೆಂದು ಲೆಕ್ಕವಿದೆ. ಅದೇ ಕಾಲದಲ್ಲಿ ಆಮೆಗಳೇ ಕಥಾನಾಯಕರಾದ 'ನಿಂಜಾ ಟರ್ಟಲ್ಸ್' ಎಂಬ ಕಾರ್ಟೂನು ಜಗತ್ತಿನ ಮಕ್ಕಳನ್ನೆಲ್ಲ ಮರುಳು ಮಾಡಿತ್ತು. ಆ ಕಾರ್ಟೂನನ್ನು ನೋಡಿ ಆಮೆ ಬೇಕೆಂದು ಹಟ ಹಿಡಿದ ಯುರೋಪಿನ ಮಕ್ಕಳ ಮನೆಗಳಲ್ಲಿ ಮುಂದೆ ಏನಾಯಿತೆಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಾಮಾನ್ಯ ಮಾತು. ನಾಯಿ ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಮನುಷ್ಯನ ಜೊತೆಗಿದೆ. ಹಸು, ಕುರಿ, ಕೋಳಿ, ಬೆಕ್ಕು ಕೂಡ ಸಾವಿರಾರು ವರ್ಷಗಳಿಂದ ನಮ್ಮ ಅಂಗಳದಲ್ಲಿ ಬೆಳೆದವು. ನಾವುಣ್ಣುವುದರಲ್ಲಿ ಒಂದಿಷ್ಟನ್ನು ಉಂಡು, ನಮ್ಮ ಸೂರಿನ ಕೆಳಗೆ ಬದುಕುವುದನ್ನು ಅವು ಕಲಿತಿವೆ. ಹಸಿದರೆ ಕೂಗುತ್ತವೆ, ನೋವಾದರೆ ನಮ್ಮ ಹತ್ತಿರ ಬರುತ್ತವೆ. ಆಮೆಗೆ ಈ ಚರಿತ್ರೆ ಇಲ್ಲ. ಫಾರಂನಲ್ಲಿ ಹುಟ್ಟಿದರೂ ಅದು ಕಾಡುಪ್ರಾಣಿಯೇ. ಅದು ಕೂಗುವುದಿಲ್ಲ, ಅಳುವುದಿಲ್ಲ. ಬಿಸಿಲು ಬೇಕೆಂದು ಕೇಳಲು ಅದಕ್ಕೆ ಬಾಯಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಸೊರಗಿ, ನಮಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ನಾಯಿ, ಬೆಕ್ಕುಗಳನ್ನು ಸಾಕಿದ ಅನುಭವದಿಂದ ಇದನ್ನೂ ಸಾಕಿಬಿಡಬಹುದೆಂದು ಹೊರಟರೆ ಎಡವುವುದು ಇಲ್ಲಿಯೇ.

ಆ ಹುಡುಗನ ಆಮೆಗೆ ಏನಾಗಿತ್ತು?

ಆಮೆಯ ಚಿಪ್ಪು ನಾವು ತೊಡುವ ಅಂಗಿಯಂತಲ್ಲ. ಅದು ಅದರ ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಒಂದಾಗಿ ಬೆಸೆದು ಆದ ಮೂಳೆಯ ಗೂಡು. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಒಂದು ಬಗೆ, 'ಯುವಿ-ಬಿ' ಎನ್ನುತ್ತಾರೆ, ಚರ್ಮದ ಮೇಲೆ ಬಿದ್ದಾಗ ಆ ಜೀವಸತ್ವ ತಯಾರಾಗುತ್ತದೆ. ನೀವು ಜೀವಶಾಸ್ತ್ರದಲ್ಲಿ ಓದಿರುವುದೇ ಇದು. ಆದರೆ ಕಿಟಕಿಯ ಗಾಜು ಆ ಕಿರಣಗಳನ್ನು ತಡೆದುಬಿಡುತ್ತದೆ. ಹುಡುಗ ಡಬ್ಬಿಯನ್ನು ದಿನಾಲೂ ಕಿಟಕಿಯ ಪಕ್ಕ ಇಡುತ್ತಿದ್ದ. ಕಿಟಕಿಗೆ ಗಾಜಿನ ಬಾಗಿಲು. ಬೆಳಕು ಬಂತು, ಬೇಕಾದ ಕಿರಣ ಬರಲಿಲ್ಲ. ಚಿಪ್ಪು ಮೆತ್ತಗಾಯಿತು.

ಕಣ್ಣು ಊದಿದ್ದಕ್ಕೆ ಕಾರಣ ಬೇರೆ. ಅಂಗಡಿಯವನು ಆಮೆಯ ಜೊತೆ ಒಣ ಸಿಗಡಿಯ ಪುಟ್ಟ ಡಬ್ಬಿ ಕೊಟ್ಟು, ಇದೊಂದೇ ಸಾಕು ಎಂದಿದ್ದನಂತೆ. ಮೂರು ತಿಂಗಳು ಅದೊಂದನ್ನೇ ಹಾಕಿದ್ದಾರೆ. ಅದರಲ್ಲಿ ಎ ಜೀವಸತ್ವ ಸಾಲದು. ಎ ಜೀವಸತ್ವದ ಕೊರತೆಯಾದರೆ ಆಮೆಗಳ ಕಣ್ಣಿನ ಸುತ್ತಲ ಗ್ರಂಥಿಗಳು ಕೆಟ್ಟು ರೆಪ್ಪೆ ಊದಿಕೊಳ್ಳುತ್ತದೆ. ಕಣ್ಣು ಕಾಣದ ಆಮೆ ತಿನ್ನುವುದಿಲ್ಲ. ತಿನ್ನದಿದ್ದರೆ ಕೊರತೆ ಇನ್ನೂ ಹೆಚ್ಚುತ್ತದೆ.

ಮೂರನೆಯದು ಚಳಿ. ಆಮೆ ಶೀತರಕ್ತದ ಪ್ರಾಣಿ. ನಮ್ಮಂತೆ ಒಳಗಿನಿಂದ ಮೈ ಬಿಸಿಯಿಟ್ಟುಕೊಳ್ಳಲಾರದು. ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಜಾತಿಯ ಮರಿಗೆ ಹಿತ. ಬಿಸಿಲು ಕಾಯುವ ಜಾಗ ಸುಮಾರು 30ರಿಂದ 35 ಡಿಗ್ರಿ ಇರಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ, ಸ್ಟೀಲಿನ ಡಬ್ಬಿಯ ಎರಡು ಬೆರಳು ನೀರು ರಾತ್ರಿ ಎಷ್ಟು ತಣ್ಣಗಾಗುತ್ತದೆಂದು ನೀವೇ ಊಹಿಸಿ. ಅಷ್ಟು ತಂಪಿನಲ್ಲಿ ಅದರ ಜೀರ್ಣಕ್ರಿಯೆಯೇ ನಿಂತಂತಾಗುತ್ತದೆ.

ಜೀವಸತ್ವದ ಚುಚ್ಚುಮದ್ದು ಕೊಟ್ಟೆ, ಕ್ಯಾಲ್ಸಿಯಂ ಕೊಟ್ಟೆ. ಹುಡುಗನಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಹಾಳೆಯಲ್ಲಿದ್ದುದನ್ನೇ ನಿಮಗೂ ಹೇಳುತ್ತೇನೆ. ಈ ಆಮೆಯನ್ನು ಈಗಾಗಲೇ ಸಾಕಿಕೊಂಡಿರುವವರಿಗೆ ಉಪಯೋಗವಾದೀತು.

ಡಬ್ಬಿ ಬೇಡ, ತೊಟ್ಟಿ ಬೇಕು. ಆಮೆ ಸರಾಗವಾಗಿ ಈಜಿ ಮಗುಚಿದರೂ ಮತ್ತೆ ತಿರುಗುವಷ್ಟು ಆಳದ ನೀರು. ಒಂದು ಕಡೆ ನೀರಿನಿಂದ ಪೂರ್ತಿ ಹೊರಬಂದು ಮೈ ಒಣಗಿಸಿಕೊಳ್ಳುವಂತೆ ಕಲ್ಲು ಇಲ್ಲವೇ ಮರದ ತುಂಡು. ದಿನವೂ ಬೆಳಗಿನ ಎಳೆಬಿಸಿಲು, ನಡುವೆ ಗಾಜಿಲ್ಲದೆ. ಜೊತೆಗೆ ಪಕ್ಕದಲ್ಲಿಯೇ ನೆರಳು ಇರಲೇಬೇಕು. ನೆರಳಿಲ್ಲದ ಚಿಕ್ಕ ಪಾತ್ರೆಯನ್ನು ಬಿಸಿಲಿಗಿಟ್ಟರೆ ಅರ್ಧ ಗಂಟೆಯಲ್ಲಿ ಆಮೆ ಬೆಂದುಹೋಗಬಹುದು. ಹಾಗೆ ಸತ್ತ ಮರಿಗಳನ್ನು ನಾನು ಕಂಡಿದ್ದೇನೆ. ಕಾಗೆ, ಬೆಕ್ಕುಗಳಿಂದ ಕಾಪಾಡಲು ಮೇಲೆ ಜಾಲರಿ. ಬಿಸಿಲು ಬಾರದ ಮನೆಗಳವರು ಯುವಿ-ಬಿ ಬಲ್ಬನ್ನೇ ಕೊಳ್ಳಬೇಕು. ಅದು ಉರಿಯುತ್ತಿದ್ದರೂ ಕೆಲವು ತಿಂಗಳಲ್ಲಿ ಆ ಕಿರಣದ ಶಕ್ತಿ ಕುಂದುವುದರಿಂದ ಕಾಲಕಾಲಕ್ಕೆ ಬದಲಿಸಬೇಕು.

ಆಹಾರದಲ್ಲಿ ಮರಿಗೆ ಮಾಂಸಾಂಶ ಹೆಚ್ಚು ಬೇಕು: ಆಮೆಗಾಗಿಯೇ ತಯಾರಿಸಿದ ಗುಳಿಗೆ, ಎರೆಹುಳು, ಮುಳ್ಳುಸಹಿತ ಸಣ್ಣ ಮೀನು. ಬೆಳೆಯುತ್ತ ಹೋದಂತೆ ಸೊಪ್ಪು ಹೆಚ್ಚಬೇಕು. ನುಗ್ಗೆಸೊಪ್ಪು, ದಾಸವಾಳದ ಎಲೆ, ತುರಿದ ಕ್ಯಾರೆಟ್, ಸಿಹಿಗುಂಬಳ, ಎಲ್ಲವೂ ನಮ್ಮ ಹಿತ್ತಿಲು ಮಾರುಕಟ್ಟೆಗಳಲ್ಲಿಯೇ ಸಿಗುತ್ತವೆ. ಅನ್ನ, ಬ್ರೆಡ್ಡು, ಬಿಸ್ಕತ್ತು ಬೇಡ. ಈ ಆಮೆ ಆಹಾರವನ್ನು ನುಂಗುವುದು ನೀರಿನೊಳಗೇ. ನೆಲದ ಮೇಲೆ ತಟ್ಟೆಯಲ್ಲಿಟ್ಟು ತಿನ್ನಲಿಲ್ಲವೆಂದು ಕೊರಗಬಾರದು. ತಿಂದು ಉಳಿದದ್ದು, ವಿಸರ್ಜಿಸಿದ್ದು ಎಲ್ಲ ಅದೇ ನೀರಿನಲ್ಲಿ ಇರುವುದರಿಂದ ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ನೀರನ್ನು ಮತ್ತೆ ಮತ್ತೆ ಬದಲಿಸುತ್ತಲೇ ಇರಬೇಕಾಗುತ್ತದೆ.

ಕೊನೆಯದಾಗಿ, ಕೈ. ಆಮೆಯನ್ನಾಗಲೀ ಅದರ ನೀರನ್ನಾಗಲೀ ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಲೇಬೇಕು. ಆರೋಗ್ಯವಾಗಿರುವ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ ಇರಬಹುದು. ಅದು ವಾಂತಿಭೇದಿ, ಜ್ವರ ತರುತ್ತದೆ; ಚಿಕ್ಕ ಮಕ್ಕಳಲ್ಲಿ ಪ್ರಾಣಕ್ಕೂ ಅಪಾಯ. ಇದು ಬೆದರಿಕೆಯ ಮಾತಲ್ಲ. ಈ ಕಾರಣಕ್ಕಾಗಿಯೇ 1975ರಲ್ಲಿ ಅಮೆರಿಕ ಸರ್ಕಾರ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿತು. ನಾಲ್ಕು ಅಂಗುಲವೇ ಏಕೆ? ಅದಕ್ಕಿಂತ ಚಿಕ್ಕದನ್ನು ಮಗು ಬಾಯಿಗೆ ಹಾಕಿಕೊಳ್ಳಬಹುದು! ಆ ನಿಷೇಧದಿಂದ ವರ್ಷಕ್ಕೆ ಸುಮಾರು ಒಂದು ಲಕ್ಷ ಮಕ್ಕಳ ಸೋಂಕು ತಪ್ಪಿತೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಅಂದಾಜು. ತನ್ನ ಮಕ್ಕಳಿಗೆ ಮಾರಬಾರದೆಂದ ಮರಿಗಳನ್ನು ಹೊರದೇಶಗಳಿಗೆ ಕಳಿಸಲು ಮಾತ್ರ ಆ ದೇಶ ಅಡ್ಡಿ ಮಾಡಲಿಲ್ಲ. ಅದೇನು ನ್ಯಾಯವೋ ನನಗೆ ತಿಳಿಯದು. ಆಮೆಯ ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಐದು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಕೊಡಬೇಡಿ, ಮುದ್ದಿಡಬೇಡಿ.

ಮೂರು ವಾರಗಳ ಬಳಿಕ ಆ ಮರಿಯ ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಹುಡುಗ ಓಡಿಬಂದು ಹೇಳಿದಾಗ ನನಗೂ ಸಂತೋಷವಾಯಿತು. ಅಜ್ಜಿಗೆ ಮಾತ್ರ ಒಂದು ಮಾತು ಹೇಳಲೇಬೇಕಾಯಿತು. "ಅಮ್ಮಾ, ಇದು ಇಷ್ಟೇ ಇರೋದಲ್ಲ. ಊಟದ ತಟ್ಟೆಯಷ್ಟಾಗುತ್ತೆ" ಎಂದೆ. ಅವರು ನಕ್ಕುಬಿಟ್ಟರು.

ಮಿತ್ರರೇ, ಈ ಜಾತಿಯ ಹೆಣ್ಣಿನ ಚಿಪ್ಪು 25 ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ. ಗಂಡು ತುಸು ಚಿಕ್ಕದು. ಅದರ ಮುಂಗಾಲಿನ ಉಗುರು ಉದ್ದ. ಸರಿಯಾಗಿ ನೋಡಿಕೊಂಡರೆ ಆಯುಸ್ಸು 20ರಿಂದ 30 ವರ್ಷ, ಅದಕ್ಕೂ ಹೆಚ್ಚು. ಚಿಪ್ಪಿನ ಉದ್ದದ ಪ್ರತಿ ಅಂಗುಲಕ್ಕೆ ಸುಮಾರು 40 ಲೀಟರ್ ನೀರಿರಬೇಕೆಂದು ಬಲ್ಲವರು ಲೆಕ್ಕ ಹಾಕುತ್ತಾರೆ. ಹತ್ತು ಅಂಗುಲದ ಆಮೆಗೆ 400 ಲೀಟರ್. ನಿಮ್ಮ ಮನೆಯ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕು ಚಿಕ್ಕದಾಗಿದ್ದರೆ 500 ಲೀಟರಿನದು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಯುರೋಪಿನ ಮಕ್ಕಳ ಮನೆಗಳಲ್ಲಿ ಆದದ್ದೂ ಇದೇ. ಅಂಗೈಯಲ್ಲಿ ಹಿಡಿಸುತ್ತಿದ್ದ ಮರಿ ಎರಡು ಮೂರು ವರ್ಷಗಳಲ್ಲಿ ತೊಟ್ಟಿಗೆ ಹಿಡಿಸದಾಯಿತು, ನೀರು ನಾರಿತು, ಮಕ್ಕಳಿಗೆ ಬೇಸರವಾಯಿತು. ಅಪ್ಪ ಅಮ್ಮಂದಿರು ಕತ್ತಲಾದ ಮೇಲೆ ಹೋಗಿ ಉದ್ಯಾನದ ಕೊಳಗಳಲ್ಲಿ ಬಿಟ್ಟುಬಂದರು. ಕೊಂದಿಲ್ಲವಲ್ಲ, ಸ್ವಾತಂತ್ರ್ಯ ಕೊಟ್ಟೆವಲ್ಲ ಎಂಬ ಸಮಾಧಾನ. ಆದರೆ ಬಿಸಿಲು ಕಾಯುವ ದಿಮ್ಮಿಗಳಿಗಾಗಿ, ಆಹಾರಕ್ಕಾಗಿ ಈ ದೊಡ್ಡ ಆಮೆಗಳು ಅಲ್ಲಿನ ಸ್ಥಳೀಯ ಕೊಳದ ಆಮೆಯನ್ನು ಪಕ್ಕಕ್ಕೆ ತಳ್ಳತೊಡಗಿದವು. 1997ರಲ್ಲಿ ಯುರೋಪು ಇದರ ಆಮದನ್ನು ತಡೆಯಿತು. 2016ರಲ್ಲಿ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿತು. ಜಪಾನಿನಲ್ಲಿ 2023ರ ಜೂನ್‌ನಿಂದ ಇದರ ಮಾರಾಟಕ್ಕೂ, ಹೊರಗೆ ಬಿಡುವುದಕ್ಕೂ ನಿಷೇಧವಿದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ತಪ್ಪು ಆಮೆಯದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿಯೂ ಅದು ನಡೆಯುತ್ತಿದೆ. ಕೇರಳದ ಕಾಲುವೆಗಳಲ್ಲಿ, ಬೆಂಗಳೂರಿನ ಕೆರೆಗಳಲ್ಲಿ ಕೆಂಪು ಕಿವಿಯ ಆಮೆಗಳು ಕಾಣಿಸಿಕೊಂಡಿವೆ. ನಮ್ಮ ಜನ ಕೆರೆಗೆ ಮಾತ್ರವಲ್ಲ, ಪುಣ್ಯ ಬರಲೆಂದು ದೇವಸ್ಥಾನದ ಕಲ್ಯಾಣಿಗೂ ಆಮೆ ಬಿಡುತ್ತಾರೆ. ನಮ್ಮ ಕೆರೆಗಳಲ್ಲಿ ನಮ್ಮವೇ ಕರಿಯಾಮೆಗಳೂ ಮೆದುಚಿಪ್ಪಿನ ಆಮೆಗಳೂ ಇವೆ. ಮನೆಯ ತೊಟ್ಟಿಯಿಂದ ಹೋದ ಆಮೆ ಅವುಗಳ ಆಹಾರಕ್ಕೆ ಪಾಲುದಾರನಾಗುವುದಷ್ಟೇ ಅಲ್ಲ, ತನ್ನ ಮೈಯಲ್ಲಿರುವ ರೋಗವನ್ನೂ ಕೊಂಡೊಯ್ಯಬಹುದು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಪರದೇಶದ ಆಮೆ ಏಕೆ, ನಮ್ಮ ಆಮೆಯನ್ನೇ ಸಾಕಿದರಾಗದೇ? ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಪಂಜರದಲ್ಲಿ ನಮ್ಮ ಹಸಿರು ಗಿಣಿಯನ್ನು ಇಡುವುದೂ ಅಪರಾಧವೇ. ಬೆನ್ನ ಮೇಲೆ ಹಳದಿ ನಕ್ಷತ್ರಗಳಿರುವ, ನಮ್ಮ ಕುರುಚಲು ಕಾಡುಗಳಲ್ಲಿರುವ ನಕ್ಷತ್ರ ಆಮೆಯನ್ನಂತೂ ಕಳ್ಳಸಾಗಣೆದಾರರು ಎಷ್ಟು ದೋಚಿದರೆಂದರೆ, 2019ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಅದನ್ನು ಅತ್ಯಂತ ಬಿಗಿಯಾದ ರಕ್ಷಣೆಯ ಪಟ್ಟಿಗೆ ಏರಿಸಬೇಕಾಯಿತು. ಕನ್ನಡದಲ್ಲಿ ನೆಲದ್ದಕ್ಕೂ ನೀರಿನದ್ದಕ್ಕೂ ನಾವು ಆಮೆ ಎಂಬ ಒಂದೇ ಮಾತನ್ನು ಬಳಸುತ್ತೇವೆ. ಹಾಗಾಗಿ ನೆಲದ ಪ್ರಾಣಿಯಾದ ನಕ್ಷತ್ರ ಆಮೆಯನ್ನು ಬಕೆಟ್ಟಿನ ನೀರಿನಲ್ಲಿ ಹಾಕಿ ಮುಳುಗಿಸಿ ಕೊಂದವರೂ ಉಂಟು.

ವಿದೇಶಿ ಪ್ರಾಣಿಗಳ ವಿಷಯದಲ್ಲಿ ಕಾನೂನು ಬಹುಕಾಲ ಸುಮ್ಮನಿತ್ತು. 2022ರ ತಿದ್ದುಪಡಿಯಿಂದ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ಸರ್ಕಾರಕ್ಕೆ ವರದಿ ಮಾಡಿ ನೋಂದಾಯಿಸಬೇಕಾಯಿತು. ಅದರ ನಿಯಮಗಳು 2024ರ ಫೆಬ್ರವರಿಯಲ್ಲಿ ಬಂದವು. ಆಫ್ರಿಕದ ಬೂದು ಗಿಳಿ, ಹಸಿರು ಇಗುವಾನ, ಬಾಲ್ ಪೈಥಾನ್ ಎಂಬ ಹೆಬ್ಬಾವು ಆ ಪಟ್ಟಿಯಲ್ಲಿವೆ. ಯಾವುದೇ ವಿದೇಶಿ ಪ್ರಾಣಿಯನ್ನು ತರುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅಂಗಡಿಯವರ ಮಾತು ಸಾಲದು.

ಮಕ್ಕಳಿಗೆ ಇದನ್ನೆಲ್ಲ ಕಲಿಸುವುದು ಹೇಗೆಂದು ಅಧ್ಯಾಪಕ ಮಿತ್ರರು ನನ್ನನ್ನು ಕೇಳುತ್ತಿರುತ್ತಾರೆ. ಕಾಲೇಜಿನಲ್ಲಿರುವ ನೀವು ಮನೆಯಲ್ಲಿ ಅಣ್ಣ, ಅಕ್ಕಂದಿರು. ನಿಮ್ಮ ಮಾತನ್ನು ಚಿಕ್ಕವರು ನಮ್ಮ ಮಾತಿಗಿಂತ ಹೆಚ್ಚು ಕೇಳುತ್ತಾರೆ. ನಾನು ಹೇಳುವ ಉಪಾಯ ಖಾಲಿ ತೊಟ್ಟಿಯದು. ಆಮೆ ಬೇಕೆಂದು ತಮ್ಮ ಹಟ ಮಾಡಿದರೆ ಬೇಡವೆನ್ನಬೇಡಿ. 40 ಲೀಟರ್ ಹಿಡಿಯುವ ತೊಟ್ಟಿಯೊಂದನ್ನು ಬಾಲ್ಕನಿಯಲ್ಲಿಟ್ಟು ನೀರು ತುಂಬಿಸಿ. ಆಮೆ ಮಾತ್ರ ಇರುವುದಿಲ್ಲ. ಎರಡು ದಿನಕ್ಕೊಮ್ಮೆ ಅವನೇ ನೀರು ಹೊತ್ತು ಬದಲಿಸಬೇಕು. ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಸೊಪ್ಪು ಹೆಚ್ಚಬೇಕು (ಅದನ್ನು ಮನೆಯವರೇ ತಿಂದರಾಯಿತು). ಬಿಸಿಲು ತೊಟ್ಟಿಯ ಮೇಲೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಡಬೇಕು. ಬಲ್ಬು, ಫಿಲ್ಟರ್, ಆಹಾರ, ವೈದ್ಯರು, ಇವುಗಳ ಬೆಲೆ ವಿಚಾರಿಸಿ ಒಂದು ವರ್ಷದ ಲೆಕ್ಕ ಹಾಕಬೇಕು. ದಸರಾ ರಜೆಗೆ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆಂದು ಹೆಸರು ಬರೆಯಬೇಕು. ಹೀಗೆ ಒಂದು ತಿಂಗಳು.

ನಾನು ಕಂಡಂತೆ ಹೆಚ್ಚಿನ ಮಕ್ಕಳು ಎರಡನೆಯ ವಾರದಲ್ಲಿ ತೊಟ್ಟಿಯನ್ನು ಮರೆತುಬಿಡುತ್ತಾರೆ. ಅದರಲ್ಲಿ ಅವಮಾನವೇನಿಲ್ಲ, ಒಂದು ಜೀವ ಉಳಿಯಿತು. ತಿಂಗಳು ಪೂರೈಸಿದ ಮಗುವಿನ ಕೈಗೆ ಪ್ರಾಣಿಯನ್ನು ಕೊಡುವುದಾದರೂ, ಹೊಸದನ್ನು ಕೊಂಡುತರುವ ಬದಲು, ಸಾಕಲಾರದೆ ಯಾರೋ ಬಿಡಲು ಹೊರಟ ಆಮೆಯನ್ನು ಕೊಡಿಸಿ. ಅಂಥವು ಊರ ತುಂಬ ಇವೆ.

ಸಾಕಲಾಗದವರು ಕೆರೆಗೆ ಬಿಡುವುದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಬಹುದು: ತಿಳಿದು ಸಾಕುವ ಇನ್ನೊಬ್ಬರನ್ನು ಹುಡುಕಬಹುದು, ಪಶುವೈದ್ಯರನ್ನೋ ಪ್ರಾಣಿರಕ್ಷಣಾ ಕೇಂದ್ರವನ್ನೋ ಅರಣ್ಯ ಇಲಾಖೆಯನ್ನೋ ಕೇಳಬಹುದು. ಅಲ್ಲಿಯೂ ಜಾಗ ಕಡಿಮೆಯೇ. ಒಂದು ದಿನದಲ್ಲಿ ಆಗುವ ಕೆಲಸವಲ್ಲ. ತಿಂಗಳಾದರೂ ಕಾಯಬೇಕಾದೀತು.

ಆ ಹುಡುಗನ ಮನೆಗೆ ಎರಡು ವರ್ಷಗಳ ಹಿಂದೆ ಹೋಗಿದ್ದೆ. ಆಮೆ ತಿನ್ನುತ್ತಿಲ್ಲ, ರಾತ್ರಿಯೆಲ್ಲ ತೊಟ್ಟಿಯ ಗೋಡೆ ಕೆರೆಯುತ್ತಿದೆ ಎಂದು ಕರೆ ಬಂದಿತ್ತು. ತಾರಸಿಯ ಮೇಲೆ ಸಿಮೆಂಟಿನ ತೊಟ್ಟಿ, ಅರ್ಧ ಭಾಗಕ್ಕೆ ತೆಂಗಿನ ಗರಿಯ ನೆರಳು. ಒಳಗಿನ ಹೆಣ್ಣಾಮೆ ನಿಜಕ್ಕೂ ಊಟದ ತಟ್ಟೆಯಷ್ಟಾಗಿತ್ತು. ಅದರ ಹೊಟ್ಟೆಯಲ್ಲಿ ಮೊಟ್ಟೆ. ಗಂಡಿನ ಜೊತೆ ಇಲ್ಲದಿದ್ದರೂ ಈ ಆಮೆ ಮೊಟ್ಟೆ ಇಡುತ್ತದೆ. ಇಡಲು ಅಗೆಯುವಂಥ ಮಣ್ಣು ಬೇಕು. ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಕುತ್ತು. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದವರಿಂದ ಎರಡು ಮಂಕರಿ ಮರಳು ತರಿಸಿ, ಮಣ್ಣಿಗೆ ಬೆರೆಸಿ, ನೀರು ಚಿಮುಕಿಸಿ ಗುಡ್ಡೆ ಹಾಕಿದೆವು. ಎರಡನೆಯ ದಿನ ಮೊಟ್ಟೆ ಇಟ್ಟಿತೆಂದು ಅಜ್ಜಿಯೇ ಫೋನು ಮಾಡಿದರು. ಹುಡುಗ ಆಗಲೇ ಓದಲು ಬೇರೆ ಊರಿಗೆ ಹೋಗಿದ್ದ. ಸೊಪ್ಪು ಹೆಚ್ಚುವುದು, ನೀರು ಬಿಡುವುದು ಎಲ್ಲ ಈಗ ಅವರದೇ.

"ಇವಳಿಗೆ ಇನ್ನೂ ಎಷ್ಟು ವರ್ಷ ಆಯಸ್ಸು ಡಾಕ್ಟ್ರೇ?" ಎಂದು ಕೇಳಿದರು.

"ಇನ್ನೂ ಹದಿನೈದು ಇಪ್ಪತ್ತು ವರ್ಷ ಇರ್ತಾಳೆ ಅಮ್ಮಾ."

"ನನಗೆ ಈಗ್ಲೇ ಎಪ್ಪತ್ತನಾಲ್ಕು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗ ಬಂದಾಗ ಈ ವಿಷಯ ಮಾತಾಡಬೇಕು ಎಂದು ಫೋನು ಇಟ್ಟರು. ಆ ಸಲದ ದೀಪಾವಳಿಗೆ ಹುಡುಗ ಬಂದಾಗ ಇಬ್ಬರೂ ಕೂತು ಮಾತಾಡಿದರಂತೆ. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ತೊಟ್ಟಿಗೆ ಜಾಗವಿರುವ ಮನೆಯನ್ನೇ ಹಿಡಿಯುತ್ತೇನೆಂದು ಅವನು ಒಪ್ಪಿದ್ದಾನೆ. ಅಲ್ಲಿಯವರೆಗೆ ಅಜ್ಜಿಗೆ ಕೈಲಾಗದ ದಿನಗಳಲ್ಲಿ ನೋಡಿಕೊಳ್ಳಲು ಪಕ್ಕದ ಮನೆಯ ಹುಡುಗಿಯನ್ನು ಗೊತ್ತುಮಾಡಿದ್ದಾರೆ. ಅವಳು ಏಳನೆಯ ತರಗತಿ. ನಾನು ಹತ್ತು ವರ್ಷದ ಹಿಂದೆ ಬರೆದುಕೊಟ್ಟ ಹಾಳೆಯನ್ನು ಅವಳಿಗಾಗಿ ಹೊಸ ನೋಟುಬುಕ್ಕಿನಲ್ಲಿ ನಕಲು ಮಾಡಿ, ಮರಳಿನ ಗುಡ್ಡೆಯ ವಿಷಯವನ್ನು ಕೊನೆಯಲ್ಲಿ ಸೇರಿಸಿದ್ದಾರೆ.